ಹಿಡಿದವರು ಒಬ್ಬರು, ಕೊಡಬೇಕಾದವರು ಇನ್ನೊಬ್ಬರು: ರಾಜತಾಂತ್ರಿಕರ ಅಪಹರಣ ಯಾಕಿಷ್ಟು ಗೋಜಲು?

ಪುಣೆಯಲ್ಲಿ ಕೆಲಸಕ್ಕಿರುವ ಹುಬ್ಬಳ್ಳಿ-ಧಾರವಾಡದ ಹುಡುಗರಿಗೆ ‘ಮ್ಹಾತ್ರೆ ಪೂಲ್’ ಹೊಸದಲ್ಲ. ಮುಠಾ ನದಿ ದಾಟುವ ಸೇತುವೆ ಅದು. ಟ್ರಾಫಿಕ್ಕಿನಲ್ಲಿ ಅದರ ಮೇಲೆ ನಿಂತು ಬೈದುಕೊಳ್ಳುವವರಲ್ಲಿ ಹೆಚ್ಚಿನವರಿಗೆ ಆ ಮ್ಹಾತ್ರೆ ಯಾರು ಅಂತ ಗೊತ್ತಿರುವುದಿಲ್ಲ. ರವೀಂದ್ರ ಮ್ಹಾತ್ರೆ ಭಾರತದ ರಾಜತಾಂತ್ರಿಕ ಅಧಿಕಾರಿ. 1984ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರನ್ನು ಅಪಹರಿಸಿ ಕೊಂದರು. ಆಗ ಅವರಿಗೆ 48 ವರ್ಷ.

ಪ್ರತಿ ಫೆಬ್ರುವರಿಯಲ್ಲೂ ಈ ಕಥೆ ಮೊಬೈಲುಗಳಲ್ಲಿ ಮತ್ತೆ ಓಡಾಡುತ್ತದೆ, ಹೆಚ್ಚಾಗಿ ಅರ್ಧಂಬರ್ಧ. ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಐಎಎಸ್ ಅಂತ ಓದುವ ಮಕ್ಕಳು ‘ವಿಯೆನ್ನಾ ಒಪ್ಪಂದ, 1961’ ಅನ್ನುವ ಸಾಲನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಚಹಾ ಕುಡಿಯುವಾಗ ಅವರು ಕೇಳುವ ಪ್ರಶ್ನೆಗೆ ಆ ಸಾಲಿನಲ್ಲಿ ಉತ್ತರವಿಲ್ಲ. “ಸರ್, ಒಬ್ಬರ ಜೀವ ಹೋಗೂದೈತಿ ಅಂದ್ರ ಸರ್ಕಾರ ಕೇಳಿದ್ದು ಕೊಟ್ಟು ಬಿಡಿಸ್ಕೋಬಾರ್ದೇನ್ರಿ?” ಇನ್ನೊಬ್ಬ ಅಲ್ಲೇ ಅಡ್ಡ ಬಾಯಿ ಹಾಕುತ್ತಾನೆ: “ಕೊಟ್ರ ನಾಳೆ ಮತ್ತೊಬ್ಬನ್ನ ಎತ್ತತಾರಲೇ.”

ಇಬ್ಬರೂ ಒಂದು ವಿಷಯ ಬಿಟ್ಟಿದ್ದಾರೆ. ಬೇರೆ ಅಪಹರಣಗಳಲ್ಲಿ ಹಿಡಿದವರು ಮತ್ತು ಕೊಡಬೇಕಾದವರು ಅಂತ ಎರಡೇ ಕಡೆ. ರಾಜತಾಂತ್ರಿಕರ ಅಪಹರಣದಲ್ಲಿ ಮೂರನೆಯ ಕಡೆಯೊಂದಿದೆ. ಅವರನ್ನು ಕಾಯಬೇಕಾದ ಸರ್ಕಾರ. ಅದು ಸಾಮಾನ್ಯವಾಗಿ ಅವರ ಸ್ವಂತ ಸರ್ಕಾರ ಆಗಿರುವುದಿಲ್ಲ.

ರಾಯಭಾರಿ, ಹೈಕಮಿಷನರ್, ಕಾನ್ಸುಲ್

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಒಂದು ದೇಶ ಇನ್ನೊಂದು ದೇಶದ ರಾಜಧಾನಿಯಲ್ಲಿ ಇಡುವ ಕಚೇರಿ ರಾಯಭಾರ ಕಚೇರಿ. ಅದರ ಮುಖ್ಯಸ್ಥ ರಾಯಭಾರಿ. ಬ್ರಿಟನ್, ಭಾರತ, ಶ್ರೀಲಂಕಾ ಥರದ ಕಾಮನ್‌ವೆಲ್ತ್ ದೇಶಗಳು ಒಂದರಲ್ಲೊಂದು ಇಡುವ ಇಂಥ ಕಚೇರಿಗೆ ಹೈಕಮಿಷನ್ ಅಂತಲೂ, ಅದರ ಮುಖ್ಯಸ್ಥರಿಗೆ ಹೈಕಮಿಷನರ್ ಅಂತಲೂ ಕರೆಯುತ್ತಾರೆ. ಹೆಸರು ಬೇರೆ, ಕೆಲಸ ಅದೇ.

ರಾಜಧಾನಿಯ ಹೊರಗೆ, ತಮ್ಮ ದೇಶದ ಜನ ಜಾಸ್ತಿ ಇರುವ ದೊಡ್ಡ ಊರುಗಳಲ್ಲಿ ಇನ್ನೊಂದು ಬಗೆಯ ಕಚೇರಿ ಇರುತ್ತದೆ. ಅದು ಕಾನ್ಸುಲೇಟ್. ಅಲ್ಲಿ ದೊಡ್ಡ ರಾಜಕೀಯ ಮಾತುಕತೆ ಕಡಿಮೆ. ಪಾಸ್‌ಪೋರ್ಟ್ ಕಳೆದುಹೋಯಿತು, ಮಗು ಹುಟ್ಟಿತು, ಯಾರೋ ಜೈಲಿಗೆ ಹೋದರು, ಯಾರೋ ತೀರಿಕೊಂಡರು, ಇಂಥವೇ ಜಾಸ್ತಿ. ಈ ಎಲ್ಲ ಕಚೇರಿಗಳಲ್ಲಿ ದೇಶದ ಪರವಾಗಿ ಕೆಲಸ ಮಾಡುವ ಅಧಿಕಾರಿಗಳನ್ನು ಒಟ್ಟಾಗಿ ರಾಜತಾಂತ್ರಿಕರು ಅನ್ನುತ್ತೇವೆ. ಮ್ಹಾತ್ರೆ ಇದ್ದದ್ದು ಬರ್ಮಿಂಗ್‌ಹ್ಯಾಮ್ ಕಚೇರಿಯಲ್ಲಿ. ಅಂದರೆ ಜನರ ಕಾಗದಪತ್ರದ ಕೆಲಸವೇ ಹೆಚ್ಚಾಗಿದ್ದ ಕಡೆ.

ಈ ಕಚೇರಿಗಳೆಲ್ಲ ನಮಗೆ ದೂರದವು ಅಂತ ಇತ್ತೀಚಿನವರೆಗೆ ಅನಿಸುತ್ತಿತ್ತು. 2022ರಲ್ಲಿ ಹಾಗೆ ಉಳಿಯಲಿಲ್ಲ. ಆ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಯುದ್ಧದ ನಡುವಿನಿಂದ ಅವನ ದೇಹ ಊರಿಗೆ ಬರುವ ತನಕ, ಸುಮಾರು ಮೂರು ವಾರ, ಈ ಭಾಗದ ಹಳ್ಳಿ ಹಳ್ಳಿಗಳಲ್ಲಿ ‘ಎಂಬೆಸಿಯವರು ಏನಂದ್ರು?’ ಅನ್ನುವುದೇ ಮಾತಾಗಿತ್ತು. ರಾಜತಾಂತ್ರಿಕರು ಅಂದರೆ ಯಾರು ಅಂತ ಹಾವೇರಿಯವರಿಗೆ ಈಗ ಯಾರೂ ಹೇಳಿಕೊಡಬೇಕಿಲ್ಲ.

ಮೈ ಮುಟ್ಟುವಂತಿಲ್ಲ ಅನ್ನುವ ನಿಯಮ

ಬೇರೆ ರಾಜನ ದೂತನನ್ನು ಕೊಲ್ಲಬಾರದು ಅನ್ನುವುದು ಬಹಳ ಹಳೆಯ ಕಟ್ಟಳೆ. ರಾಮಾಯಣದಲ್ಲಿ ರಾವಣ ಹನುಮಂತನನ್ನು ಕೊಲ್ಲಲು ಹೊರಟಾಗ ವಿಭೀಷಣ ಹೇಳುವುದೂ ಇದನ್ನೇ. ಈ ಕಟ್ಟಳೆ ಬರಹದ ರೂಪದಲ್ಲಿ ಎಲ್ಲ ದೇಶಗಳಿಗೂ ಒಪ್ಪಿಗೆಯಾದದ್ದು 1961ರಲ್ಲಿ, ವಿಯೆನ್ನಾ ಒಪ್ಪಂದದ ಮೂಲಕ. ಭಾರತವೂ ಇದನ್ನು ಒಪ್ಪಿ, 1972ರಲ್ಲಿ ಇದಕ್ಕಾಗಿಯೇ ಒಂದು ಕಾಯ್ದೆ ಮಾಡಿಕೊಂಡಿದೆ. ಕಾನ್ಸುಲೇಟಿನವರಿಗೆ 1963ರ ಬೇರೆ ಒಪ್ಪಂದವಿದೆ.

1961ರ ಒಪ್ಪಂದದ 29ನೇ ವಿಧಿಯಲ್ಲಿ ಎರಡು ಮಾತಿವೆ. ಮೊದಲನೆಯದು ಎಲ್ಲರಿಗೂ ಗೊತ್ತು. ರಾಜತಾಂತ್ರಿಕರನ್ನು ಬಂಧಿಸುವಂತಿಲ್ಲ. ಸಿನಿಮಾದಲ್ಲಿ ಬರುವ ‘ಡಿಪ್ಲೊಮ್ಯಾಟಿಕ್ ಇಮ್ಯುನಿಟಿ’ ಇದೇ. ಎರಡನೆಯದನ್ನು ಪರೀಕ್ಷೆಗೆ ಓದುವವರೂ ದಾಟಿಹೋಗುತ್ತಾರೆ: ಅವರ ದೇಹ, ಸ್ವಾತಂತ್ರ್ಯ, ಘನತೆಯ ಮೇಲೆ ದಾಳಿಯಾಗದಂತೆ ತಡೆಯಲು ಆತಿಥೇಯ ದೇಶ ಸೂಕ್ತ ಕ್ರಮಗಳನ್ನೆಲ್ಲ ತೆಗೆದುಕೊಳ್ಳಬೇಕು. ಅಂದರೆ ಸುಮ್ನೆ ಮುಟ್ಟದೆ ಬಿಟ್ಟರೆ ಸಾಲದು, ಬೇರೆಯವರು ಮುಟ್ಟದಂತೆ ಕಾಯಬೇಕು. 1963ರ ಒಪ್ಪಂದದಲ್ಲಿ ಕಾನ್ಸುಲೇಟಿನವರಿಗೆ ಬಂಧನದಿಂದ ಸಿಗುವ ರಕ್ಷಣೆ ಸ್ವಲ್ಪ ತೆಳು. ಆದರೆ ಕಾಯುವ ಹೊಣೆ ಅಲ್ಲೂ ಇದೆ.

ದೆಹಲಿಯಲ್ಲಿರುವ ಬ್ರಿಟನ್ ಅಧಿಕಾರಿಯನ್ನು ಕಾಯುವುದು ನಮ್ಮ ಪೊಲೀಸರ ಹೊಣೆ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನಮ್ಮ ಅಧಿಕಾರಿಯನ್ನು ಕಾಯುವುದು ಅಲ್ಲಿನ ಪೊಲೀಸರ ಹೊಣೆ. ಅಪಹರಣ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ರಾಜತಾಂತ್ರಿಕನ ಕೊರಳಪಟ್ಟಿ ಹಿಡಿದರೆ ಒಂದೇ ಸಲಕ್ಕೆ ಎರಡು ಸರ್ಕಾರಗಳ ಕೊರಳಪಟ್ಟಿ ಹಿಡಿದ ಹಾಗೆ.

1984ರ ಫೆಬ್ರುವರಿ 3

ಅವತ್ತು ಶುಕ್ರವಾರ. ಮ್ಹಾತ್ರೆ ಕೆಲಸ ಮುಗಿಸಿ ಬಾರ್ಟ್ಲಿ ಗ್ರೀನ್ ಎಂಬ ಬಡಾವಣೆಯ ಮನೆಗೆ ಹೊರಟಿದ್ದರು. ಬಸ್ಸಿನಲ್ಲಿ. ಮಗಳ ಹುಟ್ಟುಹಬ್ಬ, ಕೈಯಲ್ಲಿ ಕೇಕ್ ಇತ್ತು. ಬಸ್ ಇಳಿದ ಮೇಲೆ ಅವರನ್ನು ಕಾರಿಗೆ ತಳ್ಳಿಕೊಂಡು ಹೋದರು. ಊರಿನ ಇನ್ನೊಂದು ಮಗ್ಗುಲಿನ ಅಲಂ ರಾಕ್ ಎಂಬಲ್ಲಿ ಕೂಡಿಹಾಕಿದರು.

ಆಮೇಲೆ ಲಂಡನ್ನಿನ ರಾಯಿಟರ್ಸ್ ಸುದ್ದಿಸಂಸ್ಥೆಗೆ ಒಂದು ಚೀಟಿ ತಲುಪಿತು. ‘ಕಾಶ್ಮೀರ್ ಲಿಬರೇಶನ್ ಆರ್ಮಿ’ ಅನ್ನುವ, ಅಲ್ಲಿಯವರೆಗೆ ಯಾರೂ ಅಷ್ಟಾಗಿ ಕೇಳದ ಹೆಸರು. ಹತ್ತು ಲಕ್ಷ ಪೌಂಡ್ ಹಣ ಕೊಡಬೇಕು, ಭಾರತದ ಜೈಲಿನಲ್ಲಿರುವ ಮಕ್ಬೂಲ್ ಭಟ್ ಮತ್ತು ಇನ್ನೂ ಕೆಲವರನ್ನು ಬಿಡಬೇಕು ಅನ್ನುವುದು ಬೇಡಿಕೆ. ಗಡುವು ತೀರಾ ಚಿಕ್ಕದು. ಎರಡೇ ದಿನದಲ್ಲಿ, ಫೆಬ್ರುವರಿ 5ರಂದು, ಲೆಸ್ಟರ್‌ಶೈರಿನ ಹಳ್ಳಿಗಾಡಿನ ದಾರಿಯೊಂದರಲ್ಲಿ ಅವರ ದೇಹ ಸಿಕ್ಕಿತು. ತಲೆಗೆ ಗುಂಡು ಹೊಡೆದಿದ್ದರು.

ಬಸ್ಸಿನಲ್ಲಿ ಓಡಾಡುತ್ತಿದ್ದರು ಅನ್ನುವುದನ್ನು ಗಮನಿಸಿ. ಕಾವಲಿಲ್ಲ, ಸರ್ಕಾರಿ ಕಾರಿಲ್ಲ. ಬರ್ಮಿಂಗ್‌ಹ್ಯಾಮ್ ಅಂದರೆ ಯಾರಿಗೂ ಅಪಾಯದ ಊರು ಅನಿಸಿರಲಿಲ್ಲ. ಅಪಹರಣಕಾರರು ಲಂಡನ್ನಿನ ಹೈಕಮಿಷನರ್ ಅವರನ್ನು ಹಿಡಿಯಲು ಹೋಗಲಿಲ್ಲ. ಸುಲಭಕ್ಕೆ ಕೈಗೆ ಸಿಗುವವರನ್ನು ಹಿಡಿದರು. ಈ ಬಗೆಯ ಪ್ರಕರಣಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ದೊಡ್ಡ ಹುದ್ದೆ ಎಷ್ಟು ಮುಖ್ಯವೋ, ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ನಡೆಯುವುದೂ ಅಷ್ಟೇ ಮುಖ್ಯ.

ಕಾಶ್ಮೀರದ ಜಗಳ, ಇಂಗ್ಲೆಂಡಿನ ಊರು

ಕಾಶ್ಮೀರದ ವಿಷಯಕ್ಕೆ ಬರ್ಮಿಂಗ್‌ಹ್ಯಾಮ್ ಯಾಕೆ? ಇದಕ್ಕೆ ಉತ್ತರ ಒಂದು ಅಣೆಕಟ್ಟಿನಲ್ಲಿದೆ.

ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರ ಭಾಗದಲ್ಲಿ, ಝೇಲಂ ನದಿಗೆ 1960ರ ದಶಕದಲ್ಲಿ ಮಂಗ್ಲಾ ಅಣೆಕಟ್ಟು ಕಟ್ಟಿದರು. ಅದು ಮುಗಿದದ್ದು 1967ರಲ್ಲಿ. ಹಳೆಯ ಮೀರ್‌ಪುರ ಪಟ್ಟಣವೇ ನೀರಿನಡಿ ಹೋಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಮನೆ, ಹೊಲ ಬಿಟ್ಟೆದ್ದರು. ನಮಗೆ ಇದು ಹೊಸ ಕಥೆಯಲ್ಲ. ಆಲಮಟ್ಟಿ ತುಂಬಿದಾಗ ಬಾಗಲಕೋಟೆಯ ‘ಮುಳುಗಡೆ’ ಮಂದಿ ಹೇಗೆ ಊರೂರಿಗೆ ಚೆದುರಿದರು ಅಂತ ಈ ಭಾಗದವರು ನೋಡಿದ್ದೇವೆ. ಬಾಗಲಕೋಟೆಯವರಿಗೆ ನವನಗರ ಇತ್ತು. ಮೀರ್‌ಪುರದವರಿಗೂ ಹೊಸ ಮೀರ್‌ಪುರ ಕಟ್ಟಿದರು. ಆದರೆ ಬಹಳ ಮಂದಿ ಆಗಷ್ಟೇ ಕಾರ್ಖಾನೆ ಕೆಲಸಕ್ಕೆ ಕೈ ಹುಡುಕುತ್ತಿದ್ದ ಬ್ರಿಟನ್ನಿಗೆ ಹೋದರು. ಬರ್ಮಿಂಗ್‌ಹ್ಯಾಮ್, ಬ್ರಾಡ್‌ಫರ್ಡ್ ಥರದ ಊರುಗಳಲ್ಲಿ ಮೀರ್‌ಪುರದವರ ಬೀದಿಗಳೇ ಹುಟ್ಟಿಕೊಂಡವು.

ಅವರಲ್ಲಿ ಬಹುತೇಕರು ದುಡಿದು ತಿನ್ನುವ ಜನ. ರಾಜಕೀಯಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಆದರೆ ಊರು ಬಿಟ್ಟವರ ನಡುವೆ ಊರಿನ ರಾಜಕೀಯ ಬೆಳೆಯುವುದು ಸುಲಭ. ಜಮ್ಮು ಕಾಶ್ಮೀರ್ ಲಿಬರೇಶನ್ ಫ್ರಂಟ್, ಅಂದರೆ ಜೆಕೆಎಲ್‌ಎಫ್, ಹುಟ್ಟಿದ್ದು ಶ್ರೀನಗರದಲ್ಲೂ ಅಲ್ಲ, ಮುಜಫರಾಬಾದಿನಲ್ಲೂ ಅಲ್ಲ. 1977ರಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ. ಕಾಶ್ಮೀರ ಭಾರತಕ್ಕೂ ಬೇಡ, ಪಾಕಿಸ್ತಾನಕ್ಕೂ ಬೇಡ, ಬೇರೆ ದೇಶವಾಗಬೇಕು ಅನ್ನುವುದು ಅದರ ವಾದ. ಮ್ಹಾತ್ರೆ ಅವರನ್ನು ಹಿಡಿದ ಗುಂಪು ಇದೇ ಬಳಗದ ಸುತ್ತಮುತ್ತ ಬೆಳೆದದ್ದು.

ಮಕ್ಬೂಲ್ ಭಟ್

ಭಟ್ ಕಾಶ್ಮೀರದ ಕುಪ್ವಾರಾ ಕಡೆಯವನು. 1966ರಲ್ಲಿ ಅಮರ್ ಚಂದ್ ಎಂಬ ಸಿಐಡಿ ಇನ್‌ಸ್ಪೆಕ್ಟರ್ ಕೊಲೆಯಾದರು. ಆ ಪ್ರಕರಣದಲ್ಲಿ 1968ರಲ್ಲಿ ಶ್ರೀನಗರದ ನ್ಯಾಯಾಧೀಶ ನೀಲಕಂಠ ಗಂಜೂ ಅವರು ಭಟ್‌ಗೆ ಮರಣದಂಡನೆ ವಿಧಿಸಿದರು. ಅದೇ ವರ್ಷದ ಕೊನೆಗೆ ಅವನು ಜೈಲಿನಿಂದ ಸುರಂಗ ಕೊರೆದು ಗಡಿಯಾಚೆ ಓಡಿಹೋದ.

1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ‘ಗಂಗಾ’ ಎಂಬ ವಿಮಾನವನ್ನು ಇಬ್ಬರು ಹುಡುಗರು ಲಾಹೋರಿಗೆ ಅಪಹರಿಸಿದರು. ಅದು ಭಟ್‌ನ ಸಂಘಟನೆಯ ಕೆಲಸ. ಪ್ರಯಾಣಿಕರನ್ನು ವಾಪಸ್ ಕಳಿಸಿ ವಿಮಾನವನ್ನು ಸುಟ್ಟರು. ಇದರ ನೆಪದಲ್ಲಿ ಭಾರತ ತನ್ನ ಆಕಾಶದ ಮೇಲೆ ಪಾಕಿಸ್ತಾನದ ವಿಮಾನಗಳು ಹಾರದಂತೆ ತಡೆಯಿತು. ಆ ವರ್ಷದ ಕೊನೆಗೆ ನಡೆದ ಬಾಂಗ್ಲಾ ಯುದ್ಧದಲ್ಲಿ ಆ ತಡೆ ಪಾಕಿಸ್ತಾನಕ್ಕೆ ಬಹಳ ದುಬಾರಿಯಾಯಿತು. ಪಾಕಿಸ್ತಾನದವರೇ ಭಟ್‌ನನ್ನು ಹಿಡಿದು ವಿಚಾರಣೆ ಮಾಡಿದರು ಅನ್ನುವುದು ಈ ಕಥೆಯ ವಿಚಿತ್ರ ತಿರುವು. 1976ರಲ್ಲಿ ಅವನು ಮತ್ತೆ ಗಡಿ ದಾಟಿ ಬಂದ, ಸಿಕ್ಕಿಬಿದ್ದ. ಹಳೆಯ ಮರಣದಂಡನೆ ಹಾಗೇ ಇತ್ತು. 1984ರಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ, ಕ್ಷಮಾದಾನದ ಅರ್ಜಿ ರಾಷ್ಟ್ರಪತಿಗಳ ಮುಂದೆ ಇಟ್ಟುಕೊಂಡು ಕಾಯುತ್ತಿದ್ದ.

ಮೂರು ಕಡೆಯ ಗಂಟು

ಈಗ ಬರ್ಮಿಂಗ್‌ಹ್ಯಾಮ್ ಚಿತ್ರವನ್ನು ಮತ್ತೆ ನೋಡಿ. ಮನುಷ್ಯ ಇರುವುದು ಬ್ರಿಟನ್ ನೆಲದಲ್ಲಿ, ಹುಡುಕಬೇಕಾದವರು ಬ್ರಿಟನ್ ಪೊಲೀಸರು. ಬಿಡಬೇಕು ಅಂತ ಕೇಳಿದ ಕೈದಿ ಇರುವುದು ದೆಹಲಿಯಲ್ಲಿ, ತೀರ್ಮಾನ ಭಾರತದ್ದು. ಕೊಡಬಲ್ಲವರಿಗೆ ಹುಡುಕುವ ಅಧಿಕಾರವಿಲ್ಲ. ಹುಡುಕಬಲ್ಲವರ ಹತ್ತಿರ ಕೊಡಲು ಏನೂ ಇಲ್ಲ.

ಬೇರೆ ಕಡೆ ಈ ಗಂಟು ಇನ್ನೊಂದು ಥರ ಬಿಗಿದಿದೆ. 1970ರ ಮಾರ್ಚ್ 31ರಂದು ಗ್ವಾಟೆಮಾಲಾದಲ್ಲಿ ಪಶ್ಚಿಮ ಜರ್ಮನಿಯ ರಾಯಭಾರಿ ಕಾರ್ಲ್ ಫಾನ್ ಸ್ಪ್ರೆಟಿ ಅವರನ್ನು ಎಡಪಂಥೀಯ ಬಂಡುಕೋರರು ಹಿಡಿದರು. ಕೇಳಿದ್ದು ಗ್ವಾಟೆಮಾಲಾ ಜೈಲಿನ ಕೈದಿಗಳನ್ನು, ಜೊತೆಗೆ 7 ಲಕ್ಷ ಡಾಲರ್. ಜರ್ಮನಿ ‘ಕೊಟ್ಟುಬಿಡಿ’ ಅಂತ ಬೇಡಿಕೊಂಡಿತು. ಆದರೆ ಕೈದಿಗಳು ಇದ್ದದ್ದು ಗ್ವಾಟೆಮಾಲಾದ ಕೈಯಲ್ಲಿ, ಅದು ಒಪ್ಪಲಿಲ್ಲ. ಏಪ್ರಿಲ್ 5ರಂದು ರಾಯಭಾರಿಯ ದೇಹ ಸಿಕ್ಕಿತು. ಎರಡು ದೇಶಗಳ ಸಂಬಂಧ ಹದಗೆಟ್ಟಿತು.

1979ರ ಫೆಬ್ರುವರಿ 14ರಂದು ಕಾಬೂಲಿನಲ್ಲಿ ಅಮೆರಿಕದ ರಾಯಭಾರಿ ಅಡಾಲ್ಫ್ ಡಬ್ಸ್ ಅವರನ್ನು ಹಿಡಿದು ಹೋಟೆಲ್ ಕೋಣೆಯಲ್ಲಿಟ್ಟರು. ಆತುರಪಡಬೇಡಿ, ಮಾತಾಡೋಣ ಅಂದಿತು ಅಮೆರಿಕ. ಆದರೆ ಆಫ್ಘನ್ ಪೊಲೀಸರು ನುಗ್ಗಿದರು. ಗುಂಡಿನ ಚಕಮಕಿಯಲ್ಲಿ ಡಬ್ಸ್ ಸತ್ತರು. ನುಗ್ಗಬೇಕೋ ಬೇಡವೋ ಅನ್ನುವುದೂ ಆತಿಥೇಯ ದೇಶದ ಕೈಯಲ್ಲೇ.

ಕನ್ನಡಿಗರಿಗೆ ಇಂಥ ಗಂಟಿನ ಅನುಭವ ಒಂದಿದೆ, ರಾಜತಾಂತ್ರಿಕರದ್ದಲ್ಲದಿದ್ದರೂ. 2000ನೇ ಇಸವಿಯ ಜುಲೈ 30ರಂದು ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಎತ್ತಿಕೊಂಡು ಹೋದ. ಗಾಜನೂರು ಇರುವುದು ತಮಿಳುನಾಡಿನಲ್ಲಿ. ಹುಡುಕಲು ಆ ಸರ್ಕಾರದ ಸಹಕಾರ ಬೇಕು. ಬಿಡುಗಡೆಗೆ ಕೇಳಿದ ಟಾಡಾ (ಭಯೋತ್ಪಾದನೆ ತಡೆಯುವ ಆಗಿನ ಕಾಯ್ದೆ) ಕೈದಿಗಳು ಮೈಸೂರಿನ ಜೈಲಿನಲ್ಲಿ, ಅದು ಕರ್ನಾಟಕದ ತೀರ್ಮಾನ. ಬೀದಿಗಿಳಿದು ಒತ್ತಡ ಹಾಕಿದ್ದು ಕರ್ನಾಟಕದ ಜನ. ಎರಡೂ ಸರ್ಕಾರಗಳು ಒಂದೇ ದೇಶದವಾಗಿದ್ದರೂ ಅದೆಷ್ಟು ತಿಣುಕಾಡಿದವು ಅಂತ ಆಗ ಪೇಪರ್ ಓದುತ್ತಿದ್ದವರಿಗೆ ನೆನಪಿರುತ್ತದೆ.

ಆಗ ಯಾರೂ ನಿರೀಕ್ಷಿಸದ ಇನ್ನೊಂದು ಕಡೆಯೂ ಎದ್ದು ನಿಂತಿತು. ವೀರಪ್ಪನ್ ಗುಂಪಿನಿಂದ ಹತರಾದ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಒಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಕೈದಿಗಳನ್ನು ಬಿಡುವುದನ್ನು ಕೋರ್ಟ್ ತಡೆಯಿತು. ಬೇಡಿಕೆಗೆ ತಲೆಬಾಗುವ ಮುನ್ನ ಸರ್ಕಾರ ಕಾನೂನನ್ನೂ, ಈಗಾಗಲೇ ಸತ್ತವರ ಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವುದು ಅಲ್ಲಿ ಸ್ಪಷ್ಟವಾಯಿತು. ರಾಜ್‌ಕುಮಾರ್ 108 ದಿನಗಳ ಮೇಲೆ, ನವೆಂಬರ್ 15ರಂದು ಮರಳಿ ಬಂದರು. ಎರಡು ವರ್ಷದ ನಂತರ, 2002ರ ಆಗಸ್ಟಿನಲ್ಲಿ ವೀರಪ್ಪನ್ ಹಿಡಿದ ಮಾಜಿ ಸಚಿವ ಎಚ್. ನಾಗಪ್ಪ ಮರಳಲಿಲ್ಲ. ಡಿಸೆಂಬರಿನಲ್ಲಿ ಕಾಡಿನಲ್ಲಿ ಅವರ ಶವ ಸಿಕ್ಕಿತು.

ಕೊಟ್ಟರೆ ಏನಾಗುತ್ತದೆ?

ಇದಕ್ಕೆ ಬ್ರೆಜಿಲ್ ಒಳ್ಳೆಯ ಉದಾಹರಣೆ. ಅಲ್ಲಿ ಸೈನಿಕ ಆಡಳಿತವಿತ್ತು. 1969ರ ಸೆಪ್ಟೆಂಬರಿನಲ್ಲಿ ಬಂಡುಕೋರರು ಅಮೆರಿಕದ ರಾಯಭಾರಿ ಚಾರ್ಲ್ಸ್ ಎಲ್‌ಬ್ರಿಕ್ ಅವರನ್ನು ಹಿಡಿದರು. ಸರ್ಕಾರ 15 ಕೈದಿಗಳನ್ನು ವಿಮಾನ ಹತ್ತಿಸಿ ಮೆಕ್ಸಿಕೋಗೆ ಕಳಿಸಿತು. ರಾಯಭಾರಿ ಜೀವಂತ ಬಂದರು. 1970ರ ಮಾರ್ಚ್‌ನಲ್ಲಿ ಜಪಾನಿನ ಕಾನ್ಸುಲ್, ಅವರಿಗೆ 5 ಕೈದಿಗಳು. ಜೂನ್‌ನಲ್ಲಿ ಪಶ್ಚಿಮ ಜರ್ಮನಿಯ ರಾಯಭಾರಿ, 40. ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ರಾಯಭಾರಿ, 70.

ಈ ಲೆಕ್ಕವನ್ನು ಎರಡು ರೀತಿ ಓದಬಹುದು. ಕೊಟ್ಟಷ್ಟೂ ಕೇಳುತ್ತಾರೆ ಅನ್ನುವವರು 15ರಿಂದ 70ಕ್ಕೆ ಏರಿದ್ದನ್ನು ತೋರಿಸುತ್ತಾರೆ. ಕೊಡಬೇಕು ಅನ್ನುವವರು ನಾಲ್ಕಕ್ಕೆ ನಾಲ್ಕೂ ಜನ ಬದುಕಿ ಬಂದರಲ್ಲ ಅನ್ನುತ್ತಾರೆ. ಎರಡೂ ನಿಜ. ಚಹಾದಂಗಡಿಯ ವಾದ ಮುಗಿಯದಿರುವುದು ಇದಕ್ಕೇ.

ಕೊಡದಿದ್ದಾಗಿನ ಉದಾಹರಣೆ ಸೂಡಾನಿನ ಖಾರ್ಟೂಮ್. 1973ರ ಮಾರ್ಚ್ 1ರಂದು ಅಲ್ಲಿನ ಸೌದಿ ರಾಯಭಾರ ಕಚೇರಿಯ ಔತಣಕ್ಕೆ ಪ್ಯಾಲೆಸ್ತೀನಿನ ‘ಬ್ಲ್ಯಾಕ್ ಸೆಪ್ಟೆಂಬರ್’ ಗುಂಪು ನುಗ್ಗಿತು. ಅಮೆರಿಕದ ಅಧ್ಯಕ್ಷ ನಿಕ್ಸನ್ ಬ್ಲ್ಯಾಕ್‌ಮೇಲ್‌ಗೆ ಬಗ್ಗುವುದಿಲ್ಲ ಅಂತ ಬಹಿರಂಗವಾಗಿಯೇ ಹೇಳಿದರು. ಮರುದಿನವೇ ಇಬ್ಬರು ಅಮೆರಿಕನ್, ಒಬ್ಬ ಬೆಲ್ಜಿಯಂ ರಾಜತಾಂತ್ರಿಕರನ್ನು ಕೊಂದರು. ಆಮೇಲೆ ಅಮೆರಿಕದ ನಿಲುವು ಇನ್ನಷ್ಟು ಗಟ್ಟಿಯಾಯಿತು.

ಭಾರತ ಎರಡೂ ದಾರಿ ನಡೆದಿದೆ. ಮ್ಹಾತ್ರೆ ಪ್ರಕರಣದಲ್ಲಿ ಭಟ್‌ನನ್ನು ಬಿಡಲಿಲ್ಲ. 1989ರ ಡಿಸೆಂಬರಿನಲ್ಲಿ ಜೆಕೆಎಲ್‌ಎಫ್ ಆಗಿನ ಗೃಹ ಸಚಿವ ಮುಫ್ತಿ ಮೊಹಮ್ಮದ್ ಸಯೀದ್ ಅವರ ಮಗಳು ರುಬೈಯಾ ಅವರನ್ನು ಹಿಡಿದಾಗ ಐವರನ್ನು ಬಿಟ್ಟಿತು. 1999ರಲ್ಲಿ ಕಂದಹಾರಿಗೆ ವಿಮಾನ ಒಯ್ದಾಗ ಮೂವರನ್ನು ಬಿಟ್ಟಿತು. ಇದರಲ್ಲಿ ಸಿದ್ಧಾಂತ ಹುಡುಕಿದರೆ ಸಿಗುವುದು ಕಷ್ಟ. ಎಷ್ಟು ಜೀವ, ಯಾರ ಜೀವ, ಟಿವಿ ಮುಂದೆ ಎಷ್ಟು ಜನ ಕೂತಿದ್ದಾರೆ, ಸರ್ಕಾರ ಎಷ್ಟು ಗಟ್ಟಿಯಾಗಿದೆ ಅನ್ನುವುದೆಲ್ಲ ಸೇರಿ ತೀರ್ಮಾನವಾಗುತ್ತದೆ ಅಂತ ನನಗೆ ಕಾಣುತ್ತದೆ.

ಮಾತಾಡುವುದು ಬೇರೆ, ಕೊಡುವುದು ಬೇರೆ

‘ಉಗ್ರರ ಜೊತೆ ಮಾತುಕತೆಯಿಲ್ಲ’ ಅನ್ನುವ ಘೋಷಣೆ ಕೇಳಿದ್ದೀರಿ. ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಸರ್ಕಾರಗಳು ಮಾತಾಡುತ್ತವೆ. ಬೇಡಿಕೆ ಒಪ್ಪುವುದಿಲ್ಲ ಅನ್ನುವ ಸರ್ಕಾರಕ್ಕೂ ಮಾತು ಬೇಕೇ ಬೇಕು, ಯಾಕಂದರೆ ಮಾತಿನಿಂದ ಸಮಯ ಸಿಗುತ್ತದೆ.

ಮೊದಲು ಕೇಳುವುದು, ಮನುಷ್ಯ ಬದುಕಿದ್ದಾನೆ ಅನ್ನುವುದಕ್ಕೆ ಗುರುತು. ಅವನೇ ಬರೆದ ಕಾಗದ, ಅವತ್ತಿನ ಪೇಪರ್ ಹಿಡಿದ ಫೋಟೋ, ಇಂಥದ್ದು. ಆಮೇಲೆ ಗಡುವು ಮುಂದೆ ಹಾಕಿಸುವುದು. ಬೇಡಿಕೆಯನ್ನು ಚೂರು ಮಾಡಿ ಒಂದೊಂದೇ ಚರ್ಚಿಸುವುದು. ಅಷ್ಟರಲ್ಲಿ ಪೊಲೀಸರು ಫೋನ್, ಚೀಟಿ, ಕಾರಿನ ಜಾಡು ಹಿಡಿದು ಮನೆ ಹುಡುಕುತ್ತಿರುತ್ತಾರೆ.

ಇದು ಫಲಿಸಿದ ಪ್ರಕರಣ ಕೆನಡಾದ್ದು. 1970ರ ಅಕ್ಟೋಬರ್ 5ರಂದು ಕ್ವಿಬೆಕ್ ಪ್ರತ್ಯೇಕವಾಗಬೇಕು ಅನ್ನುವ ಎಫ್‌ಎಲ್‌ಕ್ಯೂ ಗುಂಪು ಮಾಂಟ್ರಿಯಲ್‌ನಲ್ಲಿ ಬ್ರಿಟನ್ನಿನ ವ್ಯಾಪಾರ ಆಯುಕ್ತ ಜೇಮ್ಸ್ ಕ್ರಾಸ್ ಅವರನ್ನು ಅಪಹರಿಸಿತು. ಅದೇ ಗುಂಪಿನ ಇನ್ನೊಂದು ತಂಡ ಕ್ವಿಬೆಕ್ ಸಚಿವ ಪಿಯರ್ ಲಾಪೋರ್ಟ್ ಅವರನ್ನು ಹಿಡಿದು ಕೊಂದಿತು. ಆದರೆ ಕ್ರಾಸ್ ವಿಷಯದಲ್ಲಿ ದಿನಗಳು ಎಳೆದವು, ವಾರಗಳು ಎಳೆದವು. ಪೊಲೀಸರಿಗೆ ಮನೆ ಸಿಕ್ಕಿತು, ಸುತ್ತುವರಿದರು. ಆಗ ಚೌಕಾಸಿಯ ದಿಕ್ಕೇ ಬದಲಾಯಿತು. ಅಪಹರಣಕಾರರು ಕೈದಿಗಳ ಬಿಡುಗಡೆ ಬಿಟ್ಟು ತಮ್ಮ ಜೀವಕ್ಕೆ ಚೌಕಾಸಿ ಮಾಡಿದರು. ಡಿಸೆಂಬರ್ 3ರಂದು ಅವರಿಗೆ ಕ್ಯೂಬಾಕ್ಕೆ ಹೋಗಲು ವಿಮಾನ, ಕ್ರಾಸ್‌ಗೆ ಬಿಡುಗಡೆ.

ಮ್ಹಾತ್ರೆ ಪ್ರಕರಣದಲ್ಲಿ ಸಿಗದೇ ಹೋದದ್ದು ಈ ಸಮಯವೇ. ಅಪಹರಣವಾಗಿ ಎರಡು ದಿನಕ್ಕೆ ಕೊಲೆ. ಹಿಡಿದವರು ಅನನುಭವಿಗಳಾಗಿದ್ದರೆ ಅಪಾಯ ಇನ್ನೂ ಜಾಸ್ತಿ. ಅವರಿಗೆ ಕಾಯುವ ತಾಳ್ಮೆಯೂ ಇರುವುದಿಲ್ಲ, ಒತ್ತೆಯಾಳನ್ನು ವಾರಗಟ್ಟಲೆ ಅಡಗಿಸಿಡುವ ಜಾಗವೂ ಇರುವುದಿಲ್ಲ.

ಆರು ದಿನಗಳ ನಂತರ

ಮೊಬೈಲಿನಲ್ಲಿ ಓಡಾಡುವ ಕಥೆ ಎಡವುವುದು ಇಲ್ಲಿ. ‘ಮ್ಹಾತ್ರೆ ಅವರನ್ನು ಕೊಂದದ್ದಕ್ಕೆ ಭಟ್‌ಗೆ ಗಲ್ಲು ಶಿಕ್ಷೆ ಕೊಟ್ಟರು’ ಅನ್ನುತ್ತದೆ ಅದು. ಶಿಕ್ಷೆಯಾಗಿದ್ದು 1966ರ ಕೊಲೆಗೆ. ಮ್ಹಾತ್ರೆ ಕೊಲೆಯಾದಾಗ ಭಟ್ ಜೈಲಿನಲ್ಲಿದ್ದ. ಆದರೆ ಮ್ಹಾತ್ರೆ ಶವ ಸಿಕ್ಕ ಮೇಲೆ ರಾಷ್ಟ್ರಪತಿ ಜೈಲ್ ಸಿಂಗ್ ಅವರು ಕ್ಷಮಾದಾನದ ಅರ್ಜಿಯನ್ನು ತಳ್ಳಿಹಾಕಿದರು. ಫೆಬ್ರುವರಿ 11ರಂದು ತಿಹಾರ್‌ನಲ್ಲಿ ಗಲ್ಲಿಗೇರಿಸಿದರು. ಅಲ್ಲೇ ಹೂತರು, ದೇಹವನ್ನು ಮನೆಯವರಿಗೆ ಕೊಡಲಿಲ್ಲ. ಅಂದರೆ ಶಿಕ್ಷೆ ಹಳೆಯದು, ಅದನ್ನು ಜಾರಿ ಮಾಡಿದ ಹೊತ್ತು ಮಾತ್ರ ಹೊಸ ಘಟನೆಯಿಂದ ಬಂದದ್ದು. ಅಷ್ಟು ಅವಸರ ಬೇಕಿತ್ತೇ ಅನ್ನುವವರೂ ಇದ್ದಾರೆ, ಆ ಹೊತ್ತಿನಲ್ಲಿ ಸರ್ಕಾರ ಬೇರೆ ಏನು ಮಾಡಬಹುದಿತ್ತು ಅನ್ನುವವರೂ ಇದ್ದಾರೆ. ಅಪಹರಣಕಾರರು ಬಿಡಿಸಲು ಹೊರಟಿದ್ದ ಮನುಷ್ಯನ ಸಾವನ್ನೇ ಹತ್ತಿರ ತಂದರು ಅನ್ನುವುದರಲ್ಲಂತೂ ಯಾರಿಗೂ ತಕರಾರಿಲ್ಲ.

ಸರಣಿ ಅಲ್ಲಿಗೆ ನಿಲ್ಲಲಿಲ್ಲ. ಭಟ್‌ಗೆ ಶಿಕ್ಷೆ ಕೊಟ್ಟಿದ್ದ ನ್ಯಾಯಾಧೀಶ ಗಂಜೂ ಅವರನ್ನು 1989ರ ನವೆಂಬರ್ 4ರಂದು ಶ್ರೀನಗರದ ಬೀದಿಯಲ್ಲಿ ಗುಂಡಿಟ್ಟು ಕೊಂದರು. ಆ ಕೊಲೆಯ ಬಗ್ಗೆ ಗೊತ್ತಿದ್ದವರು ಮುಂದೆ ಬನ್ನಿ ಅಂತ ಜಮ್ಮು-ಕಾಶ್ಮೀರದ ತನಿಖಾ ಸಂಸ್ಥೆ 2023ರಲ್ಲಿ, 34 ವರ್ಷಗಳ ಮೇಲೆ, ಜನರನ್ನು ಕೇಳಿಕೊಂಡಿತು.

ಬ್ರಿಟನ್ನಿನಲ್ಲಿ ಮ್ಹಾತ್ರೆ ಪ್ರಕರಣದ ಇಬ್ಬರಿಗೆ 1985ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅವರು ಸುಮಾರು 20 ವರ್ಷ ಜೈಲಿನಲ್ಲಿದ್ದು ಹೊರಬಂದರು. ‘ನಮ್ಮ ಅಧಿಕಾರಿಯನ್ನು ಕೊಂದವರನ್ನು ನಮ್ಮ ಕೋರ್ಟ್ ಯಾಕೆ ವಿಚಾರಿಸಲಿಲ್ಲ?’ ಅಂತ ಕೇಳುವುದು ಸಹಜ. ಅಪರಾಧ ನಡೆದದ್ದು ಅವರ ನೆಲದಲ್ಲಿ, ಸಿಕ್ಕಿಬಿದ್ದದ್ದು ಅವರ ಪೊಲೀಸರಿಗೆ. ಆರೋಪಿಗಳನ್ನು ಪರಸ್ಪರ ಒಪ್ಪಿಸುವ ಇಂದಿನ ಭಾರತ-ಬ್ರಿಟನ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1992ರಲ್ಲಿ.

ಒಪ್ಪಿಸಿ, ಇಲ್ಲವೇ ವಿಚಾರಿಸಿ

1970ರ ಆಸುಪಾಸಿನ ಅಪಹರಣಗಳ ಹಾವಳಿ ನೋಡಿ ವಿಶ್ವಸಂಸ್ಥೆ 1973ರಲ್ಲಿ ಇನ್ನೊಂದು ಒಪ್ಪಂದ ತಂದಿತು. ಅದರ ತಿರುಳು ಒಂದೇ ಸಾಲು: ರಾಜತಾಂತ್ರಿಕರ ಮೇಲೆ ಕೈ ಮಾಡಿದವನು ನಿಮ್ಮ ದೇಶದಲ್ಲಿ ಸಿಕ್ಕರೆ, ಒಂದೋ ಕೇಳಿದ ದೇಶಕ್ಕೆ ಒಪ್ಪಿಸಿ, ಇಲ್ಲವೇ ನಿಮ್ಮಲ್ಲೇ ವಿಚಾರಣೆ ನಡೆಸಿ. ಸುಮ್ಮನೆ ಬಿಡುವ ಹಾಗಿಲ್ಲ. ಅದಕ್ಕಿಂತ ಮುಂಚೆ ‘ಇದು ರಾಜಕೀಯ ಅಪರಾಧ’ ಅಂತ ಹೇಳಿ ಆಶ್ರಯ ಕೊಡುವುದು ಸುಲಭವಾಗಿತ್ತು.

ಈ ಕಾನೂನುಗಳೆಲ್ಲ ಒಂದು ಊಹೆಯ ಮೇಲೆ ನಿಂತಿವೆ. ಹಿಡಿದವರಿಗೆ ಏನೋ ಬೇಕಾಗಿದೆ ಅನ್ನುವ ಊಹೆ. 2005ರ ಜುಲೈನಲ್ಲಿ ಬಾಗ್ದಾದಿನಲ್ಲಿ ಈಜಿಪ್ಟಿನ ರಾಜತಾಂತ್ರಿಕ ಇಹಾಬ್ ಅಲ್ ಶೆರಿಫ್ ಅವರನ್ನು ಹಿಡಿದ ಅಲ್ ಖೈದಾ ಗುಂಪು ಕೈದಿಗಳನ್ನೂ ಕೇಳಲಿಲ್ಲ, ಹಣವನ್ನೂ ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಕೊಂದೆವು ಅಂತ ಹೇಳಿಕೊಂಡಿತು. ಹೊಸ ಇರಾಕ್ ಸರ್ಕಾರದ ಜೊತೆ ಅರಬ್ ದೇಶಗಳು ಸಂಬಂಧ ಬೆಳೆಸದಂತೆ ಹೆದರಿಸುವುದೇ ಗುರಿ. ಅಲ್ಲಿ ಗಡುವಿಲ್ಲ, ಚೌಕಾಸಿಯಿಲ್ಲ.

ಇಂಥ ಕಡೆ ಆತಿಥೇಯ ದೇಶದ ಕಾವಲನ್ನೇ ನಂಬಿ ಕೂರುವಂತಿಲ್ಲ. ಕಾಬೂಲಿನ ನಮ್ಮ ಕಚೇರಿಗೆ ಭಾರತ ತನ್ನದೇ ಗಡಿ ಕಾಯುವ ಪಡೆಯಾದ ಐಟಿಬಿಪಿಯ ಜವಾನರನ್ನು ಕಳಿಸಿದ್ದು ಇದಕ್ಕೆ. 2008ರ ಜುಲೈ 7ರ ಬಾಂಬ್ ದಾಳಿಯಲ್ಲಿ ಅಲ್ಲಿನ ರಾಜತಾಂತ್ರಿಕ ವಿ. ವೆಂಕಟೇಶ್ವರ ರಾವ್, ಬ್ರಿಗೇಡಿಯರ್ ರವಿ ದತ್ ಮೆಹ್ತಾ ಅವರ ಜೊತೆ ಇಬ್ಬರು ಐಟಿಬಿಪಿ ಜವಾನರೂ ಸತ್ತರು.

ಶಾಂತ ಊರುಗಳಲ್ಲಿ ಮಾತ್ರ ಹಳೆಯ ಏರ್ಪಾಡೇ ನಡೆದಿದೆ. ನಿಮ್ಮವರನ್ನು ನಾವು ಕಾಯುತ್ತೇವೆ, ನಮ್ಮವರನ್ನು ನೀವು ಕಾಯಿರಿ. ಇದು ಒಪ್ಪಂದದ ಅಕ್ಷರಕ್ಕಿಂತ ಕೊಡು-ಕೊಳ್ಳುವಿಕೆಯ ಬಲದ ಮೇಲೆ ನಿಂತಿದೆ. 2023ರ ಮಾರ್ಚ್ 19ರಂದು ಖಾಲಿಸ್ತಾನ ಬೆಂಬಲಿಗರು ಲಂಡನ್ನಿನ ಭಾರತೀಯ ಹೈಕಮಿಷನ್ನಿನ ಧ್ವಜ ಕೆಳಗಿಳಿಸಿದರು. ಆಗ ಅಲ್ಲಿ ಸಾಕಷ್ಟು ಪೊಲೀಸರಿರಲಿಲ್ಲ ಅಂತ ಭಾರತ ತಕರಾರು ಮಾಡಿತು. ಮೂರು ದಿನಗಳ ಮೇಲೆ ದೆಹಲಿಯ ಬ್ರಿಟಿಷ್ ಹೈಕಮಿಷನ್ ಮುಂದಿದ್ದ ಬ್ಯಾರಿಕೇಡುಗಳನ್ನು ಪೊಲೀಸರು ತೆಗೆದರು. ಅವತ್ತೇ ಲಂಡನ್ನಿನಲ್ಲಿ ನಮ್ಮ ಕಚೇರಿಯ ಮುಂದೆ ಬ್ಯಾರಿಕೇಡುಗಳು ಬಂದವು, ಪೊಲೀಸರೂ ಸಾಲಾಗಿ ನಿಂತರು.